ಮೂಸಿ ನೋಡದ ಹೂವು

ಓಬಳೇಶ ಆ ಮಾತು ಹೇಳಿದ್ದು ಬಾಗಿಲಲ್ಲಿ ನಿಂತು, ಚಪ್ಪಲಿ ಕೂಡ ಬಿಡದೆ. ಪಾಪಿನಾಯಕನಹಳ್ಳಿಯಲ್ಲಿ ಅವನದು ನುಗ್ಗೆ ತೋಟ. ಹೂ ಬಿಡುವ ಕಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಬುಕ್ಕಸಾಗರದ ನಮ್ಮ ಮನೆಗೆ ಹೂ ತಂದು ಹಾಕುತ್ತಾನೆ. ಆವತ್ತು ಚೀಲ ಅರ್ಧವೂ ತುಂಬಿರಲಿಲ್ಲ.

"ಈ ಸಲ ಇಷ್ಟಾ ನೋಡ್ರಿ ಹೇಮಕ್ಕಾರ," ಎಂದ. "ಹೋದ ಸಲದಂಗ ಉದುರಿಲ್ಲ. ಆವಾಗ ಕಂಬಳಿ ಹುಳ ಬಿದ್ದಾವಂತ ನಮ್ಮ ಆಳು ಸಂಜಿಮುಂದ ಎಣ್ಣಿ ಹೊಡದುಬಿಟ್ಟಿದ್ದ. ಅದಕ್ಕ ಬೆಳಗಾಗೂದ್ರಾಗ ಅಷ್ಟು ಉದುರಿದ್ವು."

ನಮ್ಮ ಕಡೆ ಎಣ್ಣೆ ಹೊಡೆಯುವುದೆಂದರೆ ಗಿಡಕ್ಕೆ ಹುಳದ ಔಷಧಿ ಸಿಂಪಡಿಸುವುದು. ಅದನ್ನು ಅವನು ನಿನ್ನೆ ಬಿಸಿಲು ಜಾಸ್ತಿ ಇತ್ತು ಎನ್ನುವಷ್ಟು ಸಲೀಸಾಗಿ ಹೇಳಿದ.

"ಎಣ್ಣಿ ಹೊಡದ ಹೂವು ನಮಗ ತಂದು ಹಾಕಿಯೇನು?"

"ನನಗೂ ಆಮ್ಯಾಲ ಗೊತ್ತಾತ್ರಿ. ನೀವು ತೊಳಿತೀರಲ್ಲ. ಬದನಿಕಾಯಿಗೆ ಹೊಡಿಯಂಗಿಲ್ಲೇನು, ಎಲ್ಲಾರೂ ತಿಂತಾರ." ನನ್ನ ಮುಖ ನೋಡಿ, ಚೀಲವನ್ನು ಇಳಿಸಬೇಕೋ ವಾಪಸ್ ಒಯ್ಯಬೇಕೋ ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತ.

ನನಗೆ ಅವನ ಮೇಲೆ ಕೂಗಾಡಲು ಪುರುಸೊತ್ತಿರಲಿಲ್ಲ. ಆ ಹೂವಿನ ಉಂಡೆ ಅಂಜಿನಿಯ ಮನೆ ಸೇರಿ ನಾಲ್ಕೈದು ದಿನವಾಗಿತ್ತು.

ಅಂಜಿನಿ ನನ್ನ ಗಂಡ ಹನುಮೇಶನ ತಂಗಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿನ್ನೂ ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದಳು. ತಾಯಿ ಇಲ್ಲದ ಹುಡುಗಿ. ತಲೆಯ ಹೇನು ತೆಗೆದು ಜಡೆ ಹಾಕಿದ್ದು, ದೊಡ್ಡವಳಾದಾಗ ಕೂರಿಸಿ ಆರತಿ ಮಾಡಿದ್ದು, ತೋರಣಗಲ್ಲಿನ ಹತ್ತಿರದ ವಡ್ಡು ಗ್ರಾಮದ ಯಲ್ಲೇಶನಿಗೆ ಕೊಟ್ಟು ಮದುವೆ ಮಾಡಿದ್ದು, ಎಲ್ಲ ನಾನೇ. ನನಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಎಂಬುದು ಯಾವಾಗಲೂ ನೆನಪಿರುತ್ತಿತ್ತೆಂದೇನಲ್ಲ, ಅಂಜಿನಿ ಇದ್ದಳಲ್ಲ. ಮದುವೆಯಾದ ಮೇಲೆ ಅವಳಿಗೆ ಎರಡು ಸಲ ಗರ್ಭ ನಿಂತೂ ಇಳಿದುಹೋಯಿತು. ಈಗ ಮೂರನೆಯದು, ಏಳು ತಿಂಗಳು. ಮೈಯಲ್ಲಿ ರಕ್ತ ಕಡಿಮೆ ಇದೆ, ಕಬ್ಬಿಣದಂಶ ಇರುವುದನ್ನು ಚೆನ್ನಾಗಿ ತಿನ್ನಿಸಿ ಎಂದು ನರ್ಸಮ್ಮ ಹೇಳಿದ್ದೇ ನಮ್ಮ ಉಂಡೆ ಹುಟ್ಟುವುದಕ್ಕೆ ಕಾರಣ.

ನುಗ್ಗೆ ಹೂವು ಬೆಳಿಗ್ಗೆ ಉದುರಿದರೆ ಮಧ್ಯಾಹ್ನಕ್ಕೆ ಬಾಡುತ್ತದೆ, ಬುಕ್ಕಸಾಗರದಿಂದ ವಡ್ಡುವಿಗೆ ಪಲ್ಯಕ್ಕೆಂದು ಕಳಿಸಲಾಗದು. ಅದಕ್ಕೇ ನಾನೂ ಪಕ್ಕದ ಮನೆಯ ರೇಣುಕಮ್ಮನೂ ಹೂವನ್ನು ಉಪ್ಪುನೀರಿನಲ್ಲಿ ತೊಳೆದು, ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಶೇಂಗಾ, ಎಳ್ಳು, ಪುಟಾಣಿ, ಏಲಕ್ಕಿಯ ಜೊತೆ ಪುಡಿ ಮಾಡಿ, ಕಂಪ್ಲಿ ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿದೆವು. ಒದ್ದೆ ಕೈ ಸೋಕದಿದ್ದರೆ ಮೂರು ತಿಂಗಳು ಕೆಡುವುದಿಲ್ಲ. ಅಂಜಿನಿಗೆಂದು ಮಾಡಿದ್ದು ಊರಿನ ಬಾಣಂತಿಯರಿಗೆ ಹೋಯಿತು, ಕಮಲಾಪುರದ ಅಂಗಡಿಗೆ ಹೋಯಿತು, ಹಂಪಿಗೆ ಬಂದವರೂ ಕೇಳಿ ಒಯ್ದರು. ಆದರೂ ಪ್ರತಿ ಸಲ ಮೊದಲ ಡಬ್ಬಿ ಅಂಜಿನಿಯದು. ಮಿಕ್ಕಿದ್ದು ಆಮೇಲೆ ಪ್ಯಾಕೆಟ್ಟಿಗೆ.

ಮರದ ಕೆಳಗೆ ಹಳೇ ಸೀರೆ ಹಾಸಿ, ತಾನಾಗಿ ಉದುರಿದ್ದನ್ನಷ್ಟೇ ಬಾಚಿಕೊಳ್ಳುವುದು ನಮ್ಮ ಪದ್ಧತಿ. ಗೊಂಚಲು ಕಿತ್ತರೆ ಕಾಯಿ ಹೋಗುತ್ತದೆಂದು ಓಬಳೇಶ ಒಪ್ಪುವುದಿಲ್ಲ. ಹೋದ ಸಲ ಚೀಲ ಬಿರಿಯುವಷ್ಟು ಬಂದಾಗ ನಾವಿಬ್ಬರೂ ಹಿಗ್ಗಿದ್ದೇ ಹಿಗ್ಗಿದ್ದು, ದೇವಿಗೆ ಕಾಯಿ ಬೇರೆ ಒಡೆಸಿದ್ದೆವು. ಇದ್ದಕ್ಕಿದ್ದಂತೆ ಅಷ್ಟೊಂದು ಯಾಕೆ ಉದುರಿತು ಎಂದು ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ನಾನು ಓಡಿಹೋಗಿ ರೇಣುಕಮ್ಮನನ್ನು ಕರೆದು ತಂದೆ. ಆ ಸಲದ ಒಣಗಿದ ಹೂವು ಒಂದಿಷ್ಟು ಡಬ್ಬಿಯಲ್ಲಿ ಉಳಿದಿತ್ತು, ಕಟ್ಟಿದ ಉಂಡೆಗಳು ದೊಡ್ಡ ಡಬ್ಬದಲ್ಲಿದ್ದವು. ಸದ್ಯ, ಬೇರೆ ಯಾರಿಗೂ, ಅಂಗಡಿಗೂ ಇನ್ನೂ ಕೊಟ್ಟಿರಲಿಲ್ಲ. ಹೂವಿನ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ.

"ಮೂಸಿ ನೋಡು."

ರೇಣುಕಮ್ಮ ಹಿಂದೆ ಸರಿದಳು. ಅವಳ ತಪ್ಪಲ್ಲ. ನಾವೆಲ್ಲ ಹೂವು ಮೂಸಿದ್ದಕ್ಕೆ ಪೆಟ್ಟು ತಿಂದು ಬೆಳೆದವರು. ಮೂಸಿದ ಹೂವು ಎಂಜಲು, ದೇವರಿಗೆ ಏರಿಸುವಂತಿಲ್ಲ. ಚೀಲ ಬಂದ ಕೂಡಲೇ ಮೊದಲ ಬೊಗಸೆಯನ್ನು ದೇವಿಯ ಪಟಕ್ಕೆ ಏರಿಸಬೇಕೆಂಬ ನೇಮ ಮಾಡಿದವಳೂ ರೇಣುಕಮ್ಮನೇ. ಹಾಗಾಗಿ ಇಬ್ಬರು ಹೆಂಗಸರು ಒಂದು ಚೀಲ ಹೂವನ್ನು ಬಿಡಿಸಿ, ತೊಳೆದು, ಒಣಗಿಸಿ, ಹುರಿದರೂ ಅದನ್ನು ಒಮ್ಮೆಯಾದರೂ ಮೂಗಿನ ಹತ್ತಿರ ತಂದಿರಲಿಲ್ಲ. ಹುರಿಯುವಾಗ ಏನಾದರೂ ಬಂದಿದ್ದರೂ ಎಳ್ಳು, ಏಲಕ್ಕಿಯ ಘಮದಲ್ಲಿ ಮುಚ್ಚಿ ಹೋಗಿರಬೇಕು.

"ಏರಿಸಿದ್ದು ಏರಿಸಿ ಆತು. ಮೂಸು," ಎಂದೆ.

ಅವಳು ಮೂಸಿದಳು. ನಾನೂ ಮೂಸಿದೆ. ಮೇಲೆ ಜೇನಿನಂಥ ಸಣ್ಣ ವಾಸನೆ, ಅದರ ಅಡಿಯಲ್ಲಿ ಸೀಮೆಎಣ್ಣೆಯಂಥದ್ದೊಂದು ಘಾಟು. ಇತ್ತೇ, ಅಥವಾ ಹೆದರಿಕೆಗೆ ಹಾಗನ್ನಿಸಿತೇ, ಇವತ್ತಿಗೂ ಆಣೆ ಮಾಡಿ ಹೇಳಲಾರೆ. ರೇಣುಕಮ್ಮ ಡಬ್ಬಿಯನ್ನು ದೂರ ಸರಿಸಿದಳು.

"ನಾನು ಎರಡು ತಿಂದೀನಿ ಹೇಮಾ. ಮರುದಿನ ಹೊಟ್ಟಿ ನುಲೀತು. ಮಿರ್ಚಿ ತಿಂದಿದ್ದಕ್ಕ ಅನಕೊಂಡೆ."

"ಅಂಜಿನಿ ದಿನಾ ಒಂದು ತಿಂತಾಳ," ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಕೇಳಿಸಿತು. ನಿನ್ನೆ ಸಂಜೆ ಫೋನಿನಲ್ಲಿ ಎಂದಿನಂತೆ "ಉಂಡಿ ತಿಂದಿಯೇನು?" ಎಂದಾಗ ಅವಳು, "ತಿಂದೆ ಅತ್ತಿಗಿ. ಯಾಕೋ ಇವತ್ತು ಹೊಟ್ಟಿ ತೊಳಸಾಕ ಹತ್ತೇತಿ, ಸುಸ್ತು ಭಾಳ," ಎಂದಿದ್ದಳು. ಬಸುರಿಗೆ ಅದೆಲ್ಲ ಇರುವುದೇ ಎಂದು ನಾನು ದೊಡ್ಡ ತಿಳಿದವಳಂತೆ ಸಮಾಧಾನ ಹೇಳಿದ್ದೆ. ಇನ್ನೊಂದು ತಿನ್ನು, ಶಕ್ತಿ ಬರುತ್ತದೆ ಎಂದೂ ಹೇಳಿದ್ದೆ.

ಅಂಜಿನಿಗೆ ಫೋನ್ ಹಚ್ಚಿದೆ, ಸ್ವಿಚ್ ಆಫ್. ಅವಳ ಗಂಡ ಯಲ್ಲೇಶ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸದವನು, ಶಿಫ್ಟಿಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಇಡಬೇಕು. ಅವನದು ರಿಂಗಾಗಿ ರಿಂಗಾಗಿ ನಿಂತಿತು. ಹನುಮೇಶ ಕಬ್ಬಿನ ಟ್ರ್ಯಾಕ್ಟರ್ ಹೊಡೆದುಕೊಂಡು ಕಂಪ್ಲಿಯ ಆಲೆಮನೆಗೆ ಹೋಗಿದ್ದ. ಇಂಜಿನ್ ಸದ್ದಿನ ನಡುವೆ ನಾನು ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡು, "ತೊಳದೀರಲ್ಲ, ಏನಾಗಂಗಿಲ್ಲ ತಗಾ," ಎಂದ. ಮರುಕ್ಷಣವೇ, "ನೀ ಹೊರಡು. ನಾ ಯಾರದಾರ ಬೈಕ್ ತಗೊಂಡು ಹಿಂದ ಬರ್ತೀನಿ," ಎಂದ. ಏನಾಗುವುದಿಲ್ಲ ಎನ್ನುವವನು ಬೈಕ್ ಯಾಕೆ ಹುಡುಕುತ್ತಾನೆ? ನನಗೆ ಇನ್ನಷ್ಟು ಗಾಬರಿಯಾಯಿತು.

ಉಂಡೆಗಳನ್ನೆಲ್ಲ ಕುಳಿ ತೋಡಿ ಮುಚ್ಚಲು ರೇಣುಕಮ್ಮನಿಗೆ ಹೇಳಿ, ಉಟ್ಟ ಸೀರೆಯಲ್ಲೇ ಹೊರಟೆ. ಓಬಳೇಶ ಇನ್ನೂ ಅಂಗಳದಲ್ಲೇ ಇದ್ದ. "ಹೊಸಪೇಟಿ ತನಕ ಬಿಡ್ತೀನಿ ಬರ್ರಿ," ಎಂದ. ಅವನ ಬೈಕ್ ಹತ್ತಬಾರದೆನಿಸಿತು, ಹತ್ತಿದೆ. ಕಮಲಾಪುರ ದಾಟಿದ ಮೇಲೆ, ಆ ಎಣ್ಣೆಯ ಹೆಸರೇನು ಎಂದು ಕೇಳಿದೆ. "ಡಬ್ಬಿ ಮ್ಯಾಲ ಬರದಿರ್ತೈತಿ, ನೋಡಿ ಫೋನ್ ಮಾಡ್ತೀನಿ," ಎಂದ. ಡಾಕ್ಟರು ಕೇಳಿದರೆ ನಾನು ಏನು ಹೇಳಲಿ, ಯಾವುದೋ ಒಂದು ಡಬ್ಬಿ ಎನ್ನಲೇ?

ಹೊಸಪೇಟೆಯಲ್ಲಿ ತೋರಣಗಲ್ಲಿನ ಕಡೆಯ ಬಸ್ಸು ಸಿಕ್ಕಿತು. ಸೀಟೂ ಸಿಕ್ಕಿತು. ಕುಳಿತ ಮೇಲೆ ಮನಸ್ಸು ಇನ್ನೂ ಕೆಟ್ಟಿತು, ಯಾಕೆಂದರೆ ಈಗ ಮಾಡುವುದಕ್ಕೆ ಏನೂ ಇರಲಿಲ್ಲ. ಇಷ್ಟೊತ್ತಿಗೆ ಅವಳು ಊಟ ಮುಗಿಸಿರುತ್ತಾಳೆ, ಊಟದ ಮೇಲೆ ಉಂಡೆ ತಿನ್ನು ಎಂದು ಹೇಳಿಕೊಟ್ಟವಳು ನಾನೇ. ಬಸ್ಸು ಒಂದು ನಿಲ್ದಾಣದಲ್ಲಿ ಹೆಚ್ಚು ಹೊತ್ತು ನಿಂತರೆ ಅವಳು ಡಬ್ಬಿಗೆ ಕೈ ಹಾಕುವುದು ಕಣ್ಣಿಗೆ ಕಟ್ಟುತ್ತಿತ್ತು. ಬಸ್ಸು ಓಡಿದರೆ ಕೈ ಹಿಂದೆ ತೆಗೆದಂತೆ. ಹುಚ್ಚು ಲೆಕ್ಕ, ಆದರೆ ನಿಲ್ಲಿಸಲು ಆಗಲಿಲ್ಲ.

ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಮಡಿಲ ತುಂಬ ಮಲ್ಲಿಗೆ ಇಟ್ಟುಕೊಂಡು ಮಾಲೆ ಕಟ್ಟುತ್ತಿದ್ದರು. ನನ್ನ ಬೋಳು ಜಡೆ ನೋಡಿ ಅವರಿಗೆ ಕನಿಕರವಾಗಿರಬೇಕು. ಒಂದು ತುಂಡು ಹರಿದು ಕೊಟ್ಟರು.

"ಮುಡಕೊಳವ್ವ. ಮುತ್ತೈದಿ, ಹಿಂಗ ಹೊಂಟೀಯಲ್ಲ."

ನಾನು ಅದನ್ನು ಇಸಿದುಕೊಂಡು ಮೂಗಿಗೆ ಹಿಡಿದು ಬಲವಾಗಿ ಉಸಿರೆಳೆದೆ. ಇಡೀ ಬಸ್ಸಿಗೆ ಕೇಳಿಸುವಂತೆ ಅವರು ಗದರಿದರು. "ಅಯ್ಯ, ಇದ್ರಾಗಿಂದು ದೇವರಿಗೂ ಒಯ್ಯಾಕ ಹತ್ತೀನಿ, ಮಡಿಲಾಗ ಇರೂವಾಗ ಮೂಸ್ತೀಯಲ್ಲ. ನಿಮ್ಮವ್ವ ಏನೂ ಕಲಿಸಿಲ್ಲೇನು?"

"ಕಲಿಸ್ಯಾಳ. ಅದಾ ತಪ್ಪಾಗೇತಿ," ಎಂದೆ. ಅವರು ನನಗೆ ತಲೆ ಸರಿಯಿಲ್ಲವೆಂದು ತೀರ್ಮಾನಿಸಿ ಹೂವಿನ ಮಡಿಲನ್ನು ಆಚೆ ತಿರುಗಿಸಿಕೊಂಡು ಕುಳಿತರು.

ಪಾಪಿನಾಯಕನಹಳ್ಳಿ ಬಂತು. ದೂರದಲ್ಲಿ ಓಬಳೇಶನ ತೋಟದ ನುಗ್ಗೆ ಮರಗಳು ಕಂಡವು. ಕೆನೆ ಬಣ್ಣದ ಹೂವು ಹೊತ್ತು ಬಿಸಿಲಲ್ಲಿ ತಣ್ಣಗೆ ನಿಂತಿದ್ದವು. ಆ ಕಡೆ ನೋಡದೆ ಮುಂದೆ ನೋಡಿದೆ. ಮುಂದೆ ಅದಿರಿನ ಲಾರಿಗಳ ಸಾಲು ಇತ್ತು, ಡ್ರೈವರ್ ಬ್ರೇಕ್ ಹಾಕಿದ. ಎಲ್ಲರೂ ಕೆಂಧೂಳಿಗೆ ಕಿಟಕಿ ಮುಚ್ಚಿಕೊಂಡರು. ನಾನು ಮತ್ತೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಅಷ್ಟು ಹೊತ್ತಿಗೆ ಓಬಳೇಶನ ಫೋನ್ ಬಂತು. ಔಷಧಿಯ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳಿದ. "ಡಬ್ಬಿ ಮ್ಯಾಲ ಕೆಂಪು ಗುರುತು ಐತ್ರಿ," ಎಂದು ಸಣ್ಣ ದನಿಯಲ್ಲಿ ಸೇರಿಸಿದ. ಕೆಂಪು ಗುರುತು ಎಂದರೇನೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಭಾರೀ ವಿಷದ ಗುರುತೆಂದು ಇಬ್ಬರಿಗೂ ಗೊತ್ತಿತ್ತು.

ತೋರಣಗಲ್ಲಿನಲ್ಲಿ ಇಳಿದು ಆಟೋ ಹಿಡಿದು ವಡ್ಡು ತಲುಪಿದೆ. ಅಂಜಿನಿಯ ಮನೆಗೆ ಬೀಗ.

ಪಕ್ಕದ ಮನೆಯ ಹುಲುಗಮ್ಮ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ, "ಬರ್ರಿ ಅಕ್ಕಾರ, ಕುಂದ್ರಿ. ಅಂಜಿನಿ ಆಸ್ಪತ್ರಿಗೆ ಹೋಗ್ಯಾಳ," ಎಂದಳು.

ಗೋಡೆ ಹಿಡಿದು, "ಯಾವಾಗ? ಏನಾತು? ರಕ್ತ ಹೋತೇನು?" ಎಂದೆ.

ಹುಲುಗಮ್ಮ ಮೊರ ಕೆಳಗಿಟ್ಟು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಬಿಡ್ತು ಅನ್ರಿ. ತಿಂಗಳ ಚೆಕಪ್ ಇತ್ತು. ಆಶಾ ಕಾರ್ಯಕರ್ತಿ ಕೂಡ ನಡಕೋಂತ ಹೋಗ್ಯಾಳ. ಅಲ್ಲಿ ನೋಡ್ರಿ, ಬಂದಾ ಬಂದ್ಳು."

ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದು, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಅಂಜಿನಿ ಬರುತ್ತಿದ್ದಳು. ನಾನು ಓಡಿಹೋಗಿ ಅವಳ ಮುಖ, ಕಣ್ಣು, ಕೈ ಎಲ್ಲ ಮುಟ್ಟಿ ನೋಡಿದೆ. ಡಾಕ್ಟರು ಏನೆಂದರು ಎಂದೆ. ಕೂಸಿನ ಎದೆಬಡಿತ ಚೆನ್ನಾಗಿದೆ ಎಂದರಂತೆ. ರಕ್ತ ಮಾತ್ರ ಹೋದ ತಿಂಗಳಿಗಿಂತ ಏನೂ ಏರಿಲ್ಲ ಎಂದು ಬೈದರಂತೆ. ಫೋನ್ ಯಾಕೆ ಆಫ್ ಎಂದೆ. ಚಾರ್ಜ್ ಇರಲಿಲ್ಲ ಎಂದಳು. "ಯಾಕ ಅತ್ತಿಗಿ, ಹಿಂಗ್ಯಾಕ ಬಂದಿ? ಅಣ್ಣ ಆರಾಮದಾನಿಲ್ಲೋ?"

ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಎಣ್ಣೆ ಹೊಡೆದದ್ದು, ಉದುರಿದ್ದು, ನಾವು ಮೂಸದೆ ಹೋದದ್ದು. "ಡಬ್ಬಿ ಎಲ್ಲೈತಿ? ಎಷ್ಟು ತಿಂದಿ, ಖರೇ ಹೇಳು. ಈಗಿಂದೀಗ ದೊಡ್ಡ ಡಾಕ್ಟರ್ ಹಂತ್ಯಾಕ ಹೋಗೂಣು. ಎಣ್ಣಿ ಹೆಸರು ಕೇಳಿಕೊಂಡು ಬಂದೀನಿ."

ಅಂಜಿನಿ ಗಾಬರಿಯಾಗಲಿಲ್ಲ. ಎದುರಿನ ಗೋಡೆಯ ಗೂಡಿನಿಂದ ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟಳು.

"ತಿಂದಿಲ್ಲ ಅತ್ತಿಗಿ."

ಮುಚ್ಚಳ ತೆಗೆದೆ. ನಾನೇ ಮೇಲೆ ಹಾಸಿ ಒತ್ತಿದ್ದ ಕಾಗದ ಕದಲಿರಲಿಲ್ಲ. ಅದರ ಕೆಳಗೆ ಉಂಡೆಗಳು ನಾನು ಜೋಡಿಸಿದ ಹಾಗೆಯೇ, ಸಾಲಿಗೆ ಸಾಲು ಕೂತಿದ್ದವು. ಒಂದೂ ಕಡಿಮೆಯಾಗಿರಲಿಲ್ಲ.

ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕಳ್ಳಿ, ದಿನಾ ಸಂಜೆ ತಿಂದೆ ತಿಂದೆ ಎಂದು ಸುಳ್ಳು ಹೇಳಿದಳಲ್ಲ, ಆ ಸುಳ್ಳಿಗೆ ನೂರು ಕಾಯಿ ಒಡೆಸಬೇಕು ಎನಿಸಿತು. ಆಮೇಲೆ ನಗು ತಾನಾಗಿಯೇ ನಿಂತಿತು.

"ಮೊದಲಿನ ಡಬ್ಬಿ? ಅವುನ್ನಾರ ತಿಂದಿಯೇನು?"

"ಇಲ್ಲ. ಹುಲುಗಮ್ಮನ ಮಕ್ಕಳಿಗೆ ಕೊಟ್ಟೆ."

"ಯಾಕ? ವಾಸ್ನಿ ಬಂತೇನು? ಸೇರಲಿಲ್ಲೇನು?"

ಇಲ್ಲವೆಂದು ತಲೆಯಾಡಿಸಿದಳು.

"ನಿಮ್ಮತ್ತಿ ಏನಾರ ಬ್ಯಾಡ ಅಂದ್ಳೇನು?"

"ಯಾರೂ ಏನೂ ಅಂದಿಲ್ಲ ಅತ್ತಿಗಿ." "ಎರಡು ಸಲ ಹೋಗೇತಿ. ಈ ಸಲ ನನಗ ಭಾಳ ಹೆದರಿಕಿ. ನೀರು ಕುಡಿಯಾಕೂ ಹೆದರಿಕಿ. ಡಬ್ಬಿ ತಗದ್ರ... ನಿನ್ನ ಕೈ ನೆಪ್ಪಾಗತೈತಿ. ನಿನಗ ಕೂಸು ಆಗಿಲ್ಲಲ್ಲ. ನಿನ್ನ ಕೈಲೆ ಮಾಡಿದ್ದು ಅಂತ ತಲ್ಯಾಗ ಬಂತು. ತಪ್ಪು ಅಂತ ಗೊತ್ತೈತಿ. ಗೊತ್ತಿದ್ರೂ ಬಾಯಿಗೆ ಇಡಾಕ ಆಗಲಿಲ್ಲ."

ಆ ಮಾತು ನನಗೆ ಹೊಸದಲ್ಲ. ಸೀಮಂತದ ಮನೆಗಳಲ್ಲಿ ಆರತಿ ತಟ್ಟೆ ನನ್ನನ್ನು ದಾಟಿ ಮುಂದೆ ಹೋಗುವುದನ್ನು ನೋಡಿ ನೋಡಿ ರೂಢಿಯಾಗಿದೆ. ಮುಖ ಗಂಟಿಕ್ಕದೆ ಕೂರುವುದನ್ನೂ ಕಲಿತಿದ್ದೇನೆ. ಆದರೆ ಅವರೆಲ್ಲ ಹೊರಗಿನವರು. ನಾನು ಜಡೆ ಹಾಕಿದ ತಲೆಯೊಳಗೂ ಅದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಆ ಅಂಜಿಕೆ ಇಲ್ಲದಿದ್ದರೆ ಅವಳು ನನ್ನನ್ನು ನಂಬಿ ದಿನಕ್ಕೊಂದರಂತೆ ತಿಂದು ಮುಗಿಸುತ್ತಿದ್ದಳು. ಅದನ್ನು ಬೈಯಲೂ ಬಾಯಿ ಬರಲಿಲ್ಲ. ಅವಳ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು, ಅಪ್ಪಿಕೊಂಡು ಅಳಬೇಕೆನಿಸಿತು. ಯಾವುದನ್ನೂ ಮಾಡದೆ ಡಬ್ಬಿಯ ಮುಚ್ಚಳ ಹಾಕಿದೆ.

"ಸಿಟ್ಟು ಬಂತೇನು ಅತ್ತಿಗಿ?"

"ಬಂತು," ಎಂದೆ. "ಇರಲಿ ಬಿಡು. ತಿಂದಿಲ್ಲಲ್ಲ, ಅಷ್ಟಾ ಸಾಕು."

ಹಿತ್ತಲಲ್ಲಿ ಕುಳಿ ತೋಡಿ ಉಂಡೆಗಳನ್ನು ಸುರಿದು ಮಣ್ಣು ಮುಚ್ಚಿದೆ. ನಾಯಿ ಕೆದರದಂತೆ ಮೇಲೊಂದು ಕಲ್ಲು ಎಳೆದೆ. ಡಬ್ಬಿ ತಿಕ್ಕಿ ತೊಳೆದು ಬೋರಲು ಹಾಕಿದೆ. ಹನುಮೇಶನಿಗೆ ಫೋನ್ ಮಾಡಿ, ಹುಡುಗಿ ಆರಾಮಾಗಿದ್ದಾಳೆ, ತಿಂದೇ ಇಲ್ಲ, ನೀನು ಬರುವುದು ಬೇಡ ಎಂದೆ. ಯಾಕೆ ತಿಂದಿಲ್ಲ ಎಂದು ಕೇಳಿದ. ಸೇರಲಿಲ್ಲವಂತೆ ಎಂದೆ.

ಒಳಗೆ ಬಂದಾಗ ಅಂಜಿನಿ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಬಾಡಿತ್ತು. ಆಸ್ಪತ್ರೆಯ ಸಾಲಿನಲ್ಲಿ ನಿಂತು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಕಾಲು ಬಾತಿದ್ದವು.

"ಕುಂತಿರು, ಅನ್ನಕ್ಕಿಡ್ತೀನಿ," ಎಂದು ನಾನು ಎದ್ದೆ. ಅಕ್ಕಿಯ ಡಬ್ಬ ಎಲ್ಲಿದೆಯೆಂದು ನನಗೆ ಗೊತ್ತು, ಆ ಅಡುಗೆಮನೆಯನ್ನು ಜೋಡಿಸಿಕೊಟ್ಟವಳು ನಾನೇ. ಡಬ್ಬದ ಮೇಲೆ ಕೈ ಇಟ್ಟು ಅಲ್ಲೇ ನಿಂತೆ.

"ನೀನಾ ಮಾಡವ್ವ," ಎಂದೆ. "ನಾ ಉಣ್ತೀನಿ."

ಬೇಡ ಅತ್ತಿಗಿ, ನೀನೇ ಮಾಡು ಎನ್ನುತ್ತಾಳೆಂದು ಕಾದೆ. ಅಂಜಿನಿ ಗೋಡೆ ಹಿಡಿದು ನಿಧಾನವಾಗಿ ಎದ್ದಳು, ನನ್ನನ್ನು ದಾಟಿ ಹೋಗಿ ಒಲೆ ಹಚ್ಚಿದಳು.